ಫೋನ್ ಅಡಾಪ್ಟರ್ ಇಂಟರ್‌ನೆಟ್ ವೇಗ ನುಂಗುತ್ತಿದೆಯೇ? ಇಲ್ಲಿವೆ 12 ಸೂತ್ರಗಳು

ಅಮೆರಿಕದಲ್ಲಿ ನೆಲೆಸಿರುವ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಟಿವಿ ಸ್ಟ್ಯಾಂಡಿನ ಹಿಂದೆ ಅಂಗೈ ಅಗಲದ ಪೆಟ್ಟಿಗೆಯೊಂದು ಸದಾ ಮಿಣುಕುತ್ತಿರುತ್ತದೆ. ಅದು ಇಂಟರ್‌ನೆಟ್ ಫೋನ್ ಅಡಾಪ್ಟರ್. ಮಾಮೂಲಿ ಲ್ಯಾಂಡ್‌ಲೈನ್ ಫೋನಿನ ದನಿಯನ್ನು ಇಂಟರ್‌ನೆಟ್ ಮೂಲಕ ಕಳಿಸುವುದು ಅದರ ಕೆಲಸ. ಕಾಲಿಂಗ್ ಕಾರ್ಡ್ ಉಜ್ಜಿ, ಉದ್ದದ ನಂಬರ್ ಒತ್ತಿ, ನಿಮಿಷ ಎಣಿಸಿಕೊಂಡು ಊರಿಗೆ ಮಾತಾಡುತ್ತಿದ್ದವರಿಗೆ ಈ ಪೆಟ್ಟಿಗೆ ದೊಡ್ಡ ಉಪಕಾರ ಮಾಡಿತು. 2001ರಲ್ಲಿ ಆರಂಭವಾದ ವೊನೇಜ್ ಕಂಪನಿ, 2009ರಲ್ಲಿ ತಿಂಗಳಿಗೆ 25 ಡಾಲರ್ ಆಸುಪಾಸಿನ ಒಂದೇ ಯೋಜನೆಯಲ್ಲಿ ಭಾರತದ ಕರೆಗಳನ್ನೂ ಸೇರಿಸಿತು. ಊಮಾ, ಮ್ಯಾಜಿಕ್‌ಜ್ಯಾಕ್‌ನಂಥವೂ ಮನೆಮಾತಾದವು.

ಆಮೇಲೆ ಇಂಟರ್‌ನೆಟ್ ಬದಲಾಯಿತು, ಪೆಟ್ಟಿಗೆ ಬದಲಾಗಲಿಲ್ಲ. ಅಮೆರಿಕದ ದೂರಸಂಪರ್ಕ ಆಯೋಗ ಎಫ್‌ಸಿಸಿ, ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವನ್ನು 2010ರಲ್ಲಿ 4 ಎಂಬಿಪಿಎಸ್ ಎಂದು ನಿಗದಿ ಮಾಡಿತ್ತು. 2015ರಲ್ಲಿ ಅದು 25 ಆಯಿತು, 2024ರಲ್ಲಿ 100. ಆದರೆ 4 ಎಂಬಿಪಿಎಸ್ ಕಾಲದ ಅಡಾಪ್ಟರ್ ಇಂದಿಗೂ ಮೋಡೆಮ್ ಮತ್ತು ರೌಟರ್ ನಡುವೆ ಕೂತಿದ್ದರೆ ಮನೆಯ ಅಷ್ಟೂ ಇಂಟರ್‌ನೆಟ್ ಅದರ ಮೂಲಕವೇ ಹಾದು ಬರಬೇಕು. ಸಿನಿಮಾ ತೊದಲುತ್ತದೆ, ಫೈಲ್ ತೆವಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾವೂ ಹಾಗೆಯೇ ಮಾಡುತ್ತೇವೆ: ತಪ್ಪಿರುವುದು ಪೆಟ್ಟಿಗೆ ಕೂತ ಜಾಗದಲ್ಲಿ, ನಾವು ಕೊಳ್ಳುವುದು ಇನ್ನೂ ದುಬಾರಿ ಪ್ಲಾನ್.

ಹೆಚ್ಚಿನ ಮನೆಗಳಲ್ಲಿ ಇದನ್ನು ಬಿಡಿಗಾಸು ಖರ್ಚಿಲ್ಲದೆ ಸರಿಪಡಿಸಬಹುದು. ದಾರಿ ಹೀಗಿದೆ.

1. ಅಳೆಯದೆ ಏನನ್ನೂ ಮುಟ್ಟಬೇಡಿ

ಊಹೆಯಿಂದ ವೈರ್ ಕಿತ್ತು ಹಾಕಿದರೆ ಗೊಂದಲ ಹೆಚ್ಚುತ್ತದೆ. ಒಂದು ಲ್ಯಾಪ್‌ಟಾಪ್ ತೆಗೆದುಕೊಳ್ಳಿ, ಅದರ ವೈಫೈ ಆಫ್ ಮಾಡಿ, ನೆಟ್‌ವರ್ಕ್ ಕೇಬಲ್ ಸಿಕ್ಕಿಸಿ. ಮೂರು ಜಾಗದಲ್ಲಿ ಸ್ಪೀಡ್ ಟೆಸ್ಟ್ ಮಾಡಿ: ನೇರವಾಗಿ ಮೋಡೆಮ್‌ಗೆ ಸಿಕ್ಕಿಸಿ, ಅಡಾಪ್ಟರ್ ದಾಟಿದ ಮೇಲೆ, ರೌಟರ್ ದಾಟಿದ ಮೇಲೆ. ಪ್ರತಿ ಜಾಗದಲ್ಲೂ ಎರಡು ಮೂರು ಸಲ ಅಳೆದು ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಉತ್ತರ ಮರಳಿ ಬರಲು ಹಿಡಿಯುವ ಹೊತ್ತು) ಈ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಿ.

ಕೇಬಲ್ ಕಂಪನಿಯ ಮೋಡೆಮ್‌ಗಳು ತಮಗೆ ಮೊದಲು ಕಂಡ ಸಾಧನವನ್ನು ನೆನಪಿಟ್ಟುಕೊಳ್ಳುತ್ತವೆ. ಆದ್ದರಿಂದ ಅದಕ್ಕೆ ಸಿಕ್ಕಿಸಿದ ಸಾಧನ ಬದಲಿಸಿದಾಗಲೆಲ್ಲ ಮೋಡೆಮ್ ಆಫ್ ಮಾಡಿ ಆನ್ ಮಾಡಿ. ಇಲ್ಲದಿದ್ದರೆ ಇಂಟರ್‌ನೆಟ್ ಬರುವುದೇ ಇಲ್ಲ, ನೀವು ಏನೋ ಕೆಟ್ಟಿತೆಂದು ಗಾಬರಿಯಾಗುತ್ತೀರಿ. ಮೋಡೆಮ್‌ಗೆ ನೇರವಾಗಿ ಸಿಕ್ಕಿಸುವಾಗ ಲ್ಯಾಪ್‌ಟಾಪಿನ ಫೈರ್‌ವಾಲ್ ಆನ್ ಇರಲಿ, ಅಳತೆ ಮುಗಿದ ಕೂಡಲೇ ಕೇಬಲ್ ತೆಗೆಯಿರಿ.

ಕೊನೆಗೆ ಮಾಮೂಲಿ ಜೋಡಣೆಗೆ ಮರಳಿ, ಯಾರಿಗಾದರೂ ಫೋನ್ ಮಾಡಿ, ಮಾತು ನಡೆಯುತ್ತಿರುವಾಗಲೇ ಇನ್ನೊಮ್ಮೆ ಅಳೆಯಿರಿ. ಈ ಅಳತೆ ಬಹಳ ಮುಖ್ಯ.

2. ಅಂಕಿಗಳ ಭಾಷೆ ಕಲಿಯಿರಿ

ಕಂಪನಿ ಹೇಳುವುದು ಬಿಟ್ ಲೆಕ್ಕ, ಕಂಪ್ಯೂಟರ್ ಹಲವು ಸಲ ತೋರಿಸುವುದು ಬೈಟ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. 300 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ ಕಿಟಕಿ ಸೆಕೆಂಡಿಗೆ 37 ಮೆಗಾಬೈಟ್ ತೋರಿಸಿದರೆ ಎಲ್ಲವೂ ಸರಿಯಿದೆ ಎಂದೇ ಅರ್ಥ.

ಸರಿಯಿಲ್ಲದಿದ್ದರೆ ಅಂಕಿಯೇ ಕಳ್ಳನನ್ನು ತೋರಿಸುತ್ತದೆ. ವೇಗ 90ರಿಂದ 95 ಎಂಬಿಪಿಎಸ್‌ನಲ್ಲಿ ಬಂದು ನಿಲ್ಲುತ್ತಿದೆಯೇ? ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್ ಪೋರ್ಟ್ ಅಥವಾ ಕೆಟ್ಟ ಕೇಬಲ್ ಇದೆ. ಅಡಾಪ್ಟರ್ ದಾಟಿದ ಕೂಡಲೇ 300 ಇದ್ದದ್ದು 20, 30ಕ್ಕೆ ಕುಸಿಯುತ್ತದೆಯೇ? ಅಡಾಪ್ಟರಿನ ಪ್ರೊಸೆಸರ್‌ಗೆ ಅಷ್ಟೇ ಶಕ್ತಿ, ಇಲ್ಲವೇ ಒಳಗೆ ಯಾವುದೋ ಮಿತಿ ಹಾಕಲಾಗಿದೆ. ಕರೆ ನಡೆಯುವಾಗ ಮಾತ್ರ ಬೀಳುತ್ತದೆಯೇ? ಅದು ಮಾತಿಗೆ ಮೀಸಲಾತಿ ಕೊಡುವ ಸೆಟ್ಟಿಂಗ್. ಕೇಬಲ್‌ನಲ್ಲಿ ಸರಿಯಿದ್ದು ವೈಫೈನಲ್ಲಿ ಮಾತ್ರ ನಿಧಾನವೇ? ಹಾಗಿದ್ದರೆ ಅಡಾಪ್ಟರ್ ನಿರ್ದೋಷಿ.

ವ್ಯತ್ಯಾಸ ಎಷ್ಟು ದೊಡ್ಡದು ನೋಡಿ: ಒಂದು ಗಿಗಾಬೈಟ್ ಫೈಲ್ ಇಳಿಯಲು 300 ಎಂಬಿಪಿಎಸ್‌ನಲ್ಲಿ ಅರ್ಧ ನಿಮಿಷವೂ ಬೇಡ. 20 ಎಂಬಿಪಿಎಸ್‌ನಲ್ಲಿ ಆರೂವರೆ ನಿಮಿಷಕ್ಕೂ ಹೆಚ್ಚು ಬೇಕು.

3. ಅಡಾಪ್ಟರನ್ನು ರೌಟರಿನ ಹಿಂದಕ್ಕೆ ಹಾಕಿ

ಎಲ್ಲ ಸೂತ್ರಗಳಲ್ಲಿ ಇದೇ ಮುಖ್ಯವಾದದ್ದು. ಒಂದನ್ನೇ ಪಾಲಿಸುವಿರಾದರೆ ಇದನ್ನು ಪಾಲಿಸಿ.

ಹಿಂದೆ ಕಂಪನಿಗಳು ಅಡಾಪ್ಟರನ್ನು ಮೋಡೆಮ್‌ನ ಪಕ್ಕ, ರೌಟರಿಗಿಂತ ಮುಂದೆ ಇಡಲು ಹೇಳುತ್ತಿದ್ದುದಕ್ಕೆ ಒಳ್ಳೆಯ ಕಾರಣವೇ ಇತ್ತು. ಆಗ ಅಪ್‌ಲೋಡ್ ವೇಗ ಕೆಲವು ನೂರು ಕೆಬಿಪಿಎಸ್ ಮಾತ್ರ. ಯಾರೋ ಫೋಟೊ ಕಳಿಸಿದರೆ ಫೋನಿನ ಮಾತು ತುಂಡಾಗುತ್ತಿತ್ತು. ಮುಂದೆ ಕೂತ ಅಡಾಪ್ಟರ್ ಉಳಿದೆಲ್ಲವನ್ನೂ ತಡೆದು ಮಾತನ್ನು ಮೊದಲು ಬಿಡುತ್ತಿತ್ತು. ಇಂದು ಆ ಕಾವಲು ಬೇಕಿಲ್ಲ, ಆದರೆ ತಡೆ ಮಾತ್ರ ಉಳಿದಿದೆ.

ಬದಲಿಸುವ ಕ್ರಮ ಹೀಗೆ. ಮೂರೂ ಪೆಟ್ಟಿಗೆಗಳ ಪವರ್ ತೆಗೆಯಿರಿ. ಮೋಡೆಮ್‌ನಿಂದ ಬರುವ ಕೇಬಲನ್ನು ರೌಟರಿನ 'ಇಂಟರ್‌ನೆಟ್' ಅಥವಾ 'ವ್ಯಾನ್' ಎಂದು ಬರೆದಿರುವ ಪೋರ್ಟಿಗೆ ಹಾಕಿ. ಈ ಪೋರ್ಟ್ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಅಥವಾ ಉಳಿದವುಗಳಿಂದ ತುಸು ದೂರದಲ್ಲಿ ಇರುತ್ತದೆ. ರೌಟರಿನ 'ಲ್ಯಾನ್' ಪೋರ್ಟುಗಳಲ್ಲಿ ಒಂದರಿಂದ ಅಡಾಪ್ಟರಿನ 'ಇಂಟರ್‌ನೆಟ್' ಅಥವಾ 'ವ್ಯಾನ್' ಪೋರ್ಟಿಗೆ ಇನ್ನೊಂದು ಕೇಬಲ್ ಎಳೆಯಿರಿ. ಅಡಾಪ್ಟರಿನ ಎರಡನೇ ನೆಟ್‌ವರ್ಕ್ ಪೋರ್ಟ್ ಖಾಲಿ ಇರಲಿ. ಈಗ ಮೊದಲು ಮೋಡೆಮ್ ಆನ್ ಮಾಡಿ, ಅದರ ದೀಪಗಳು ಸ್ಥಿರವಾಗುವವರೆಗೆ ಕಾಯಿರಿ. ಆಮೇಲೆ ರೌಟರ್. ಕೊನೆಗೆ ಅಡಾಪ್ಟರ್. ಫೋನ್ ಎತ್ತಿ ಡಯಲ್ ಟೋನ್ ಬಂದರೆ ಕೆಲಸ ಆಯಿತು.

ಇಲ್ಲಿ ಒಂದೇ ಒಂದು ಎಚ್ಚರಿಕೆ. ರೌಟರಿನ ಕೇಬಲನ್ನು ಅಡಾಪ್ಟರಿನ 'ಲ್ಯಾನ್' ಅಥವಾ 'ಪಿಸಿ' ಪೋರ್ಟಿಗೆ ಎಂದಿಗೂ ಹಾಕಬೇಡಿ. ಹಾಗೆ ಹಾಕಿದರೆ ಅಡಾಪ್ಟರ್ ತಾನೇ ರೌಟರ್ ಎಂದುಕೊಂಡು ಮನೆಯ ಫೋನು, ಟಿವಿಗಳಿಗೆಲ್ಲ ತಪ್ಪು ಐಪಿ ವಿಳಾಸ ಹಂಚಲು ಶುರುಮಾಡುತ್ತದೆ. ಇಡೀ ಮನೆಯ ಸಂಪರ್ಕ ಕೆಡುತ್ತದೆ.

4. ಮಾತಿಗೆ ಬೇಕಾದದ್ದು ಬಲು ಕಡಿಮೆ ಎಂಬುದನ್ನು ನಂಬಿ

ಅಡಾಪ್ಟರನ್ನು ಹಿಂದಕ್ಕೆ ಹಾಕಿದರೆ ಅಮ್ಮನ ದನಿ ಕೆಡಬಹುದೆಂದು ಹಲವರು ಹೆದರುತ್ತಾರೆ. ಲೆಕ್ಕ ನೋಡಿ. ಫೋನ್ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿ.711 ಎಂಬ ವಿಧಾನದಲ್ಲಿ ದನಿಗೆ ಬೇಕಾಗುವುದು 64 ಕೆಬಿಪಿಎಸ್. ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ ಕಳಿಸುವಾಗ ಪ್ರತಿ ಪ್ಯಾಕೆಟ್ಟಿಗೂ ವಿಳಾಸದ ಭಾರ ಸೇರಿ ಒಟ್ಟು 80ರಿಂದ 90 ಕೆಬಿಪಿಎಸ್ ಆಗುತ್ತದೆ. ಹೋಗಲು ಅಷ್ಟು, ಬರಲು ಅಷ್ಟು. ಜಿ.729 ಎಂಬ ವಿಧಾನದಲ್ಲಿ ಇದರ ಅರ್ಧವೂ ಬೇಡ. ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಒಂದು ಕರೆ ಅದರಲ್ಲಿ ಶೇ. 1ರಷ್ಟನ್ನೂ ಬಳಸುವುದಿಲ್ಲ. ಇಷ್ಟು ಸಣ್ಣ ಅಗತ್ಯಕ್ಕಾಗಿ ಉಳಿದ ಶೇ. 99ನ್ನು ಕಟ್ಟಿಹಾಕುವುದು ಬೇಡ.

5. ಅಡಾಪ್ಟರ್ ಮುಂದೆಯೇ ಇರಬೇಕಾದರೆ ಅದರ ಒಳಗಿನ ಅಂಕಿ ತಿದ್ದಿ

ಬಾಡಿಗೆ ಮನೆಯ ವೈರಿಂಗ್, ಕಂಪನಿಯ ಷರತ್ತು ಹೀಗೆ ಕೆಲವು ಕಡೆ ಅಡಾಪ್ಟರ್ ಮುಂದೆಯೇ ಇರಬೇಕಾಗಬಹುದು. ಆಗ ಅದರ ಸೆಟ್ಟಿಂಗ್ ಪುಟ ತೆರೆದು 'ಕ್ಯೂಒಎಸ್' ಅಥವಾ 'ಅಪ್‌ಸ್ಟ್ರೀಮ್ ಸ್ಪೀಡ್' ಹುಡುಕಿ. ಅಲ್ಲಿ ಎಷ್ಟೋ ವರ್ಷದ ಹಿಂದೆ, ಅಂದಿನ ಪ್ಲಾನಿಗೆ ತಕ್ಕಂತೆ ನಮೂದಿಸಿದ ಅಂಕಿ ಹಾಗೆಯೇ ಕುಳಿತಿರಬಹುದು. ಅಡಾಪ್ಟರ್ ಆ ಅಂಕಿಯನ್ನೇ ನಂಬಿ ಮನೆಯ ಅಷ್ಟೂ ಅಪ್‌ಲೋಡನ್ನು ಅದಕ್ಕಿಂತ ಮೇಲೇರಲು ಬಿಡುವುದಿಲ್ಲ. ಮೋಡೆಮ್‌ಗೆ ನೇರ ಸಿಕ್ಕಿಸಿ ಅಳೆದಾಗ ಬಂದ ಅಪ್‌ಲೋಡ್ ವೇಗದ ಶೇ. 90ರಷ್ಟನ್ನು ಅಲ್ಲಿ ಬರೆಯಿರಿ. ಡೌನ್‌ಲೋಡಿಗೆ ಮಿತಿ ಹಾಕಿದ್ದರೆ ತೆಗೆದುಬಿಡಿ. ಪ್ಲಾನ್ ಬದಲಿಸಿದಾಗಲೆಲ್ಲ ಈ ಪುಟಕ್ಕೆ ಮತ್ತೆ ಬನ್ನಿ.

6. ಡೌನ್‌ಲೋಡ್ ನಿಧಾನವೇ? ಅಪ್‌ಲೋಡ್ ಕಡೆ ನೋಡಿ

ಒಂದು ಫೈಲ್ ಇಳಿಯುವಾಗ ನಿಮ್ಮ ಕಂಪ್ಯೂಟರ್ ಸುಮ್ಮನೆ ಕೂತಿರುವುದಿಲ್ಲ. ಬಂದ ಪ್ಯಾಕೆಟ್‌ಗಳಿಗೆ 'ತಲುಪಿತು' ಎಂಬ ಸ್ವೀಕೃತಿಯನ್ನು ಆ ತುದಿಗೆ ಕಳಿಸುತ್ತಲೇ ಇರುತ್ತದೆ. ಸ್ವೀಕೃತಿ ತಡವಾದರೆ ಆ ತುದಿಯ ಸರ್ವರ್ ಮುಂದಿನ ಕಂತು ಕಳಿಸಲು ಹಿಂಜರಿಯುತ್ತದೆ. ಸ್ವೀಕೃತಿಗಳು ಹೋಗುವುದು ಅಪ್‌ಲೋಡ್ ದಾರಿಯಲ್ಲಿ. ಆ ದಾರಿ ಕಟ್ಟಿಕೊಂಡರೆ ಡೌನ್‌ಲೋಡ್ ದಾರಿ ಖಾಲಿಯಿದ್ದರೂ ವೇಗ ಬಾರದು.

ನ್ಯೂಜೆರ್ಸಿಯಲ್ಲಿ ರಾತ್ರಿ 9 ಗಂಟೆ ಎಂದರೆ ಬೇಸಿಗೆಯಲ್ಲಿ ಕರ್ನಾಟಕದಲ್ಲಿ ಬೆಳಗಿನ ಆರೂವರೆ. ಅಪ್ಪ ಅಮ್ಮ ಕಾಫಿ ಕುಡಿಯುತ್ತ ಮಾತಿಗೆ ಸಿಗುವ ಹೊತ್ತು. ಅದೇ ಹೊತ್ತಿಗೆ ಮನೆಯವರ ಮೊಬೈಲುಗಳು ಚಾರ್ಜಿಗೆ ಕೂತು ದಿನದ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಿರುತ್ತವೆ, ಬಾಗಿಲಿನ ಕ್ಯಾಮೆರಾ ವಿಡಿಯೊ ಕಳಿಸುತ್ತಿರುತ್ತದೆ, ಮಕ್ಕಳು ಗೇಮ್ ಆಡುತ್ತಿರುತ್ತಾರೆ. ಫೋಟೊ ಬ್ಯಾಕಪ್ ಸಮಯವನ್ನು ನಡುರಾತ್ರಿಗೆ ದೂಡಿ, ಕ್ಯಾಮೆರಾದ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ. ಮಾತೂ ಸ್ಪಷ್ಟವಾಗುತ್ತದೆ, ಡೌನ್‌ಲೋಡೂ ಏರುತ್ತದೆ.

7. ರೌಟರಿನೊಳಗಿನ ಸಾಲನ್ನು ಚಿಕ್ಕದು ಮಾಡಿ

ದೊಡ್ಡ ಅಪ್‌ಲೋಡ್ ನಡೆಯುವಾಗ ಪಿಂಗ್ ನೋಡಿ. ಮಾಮೂಲಿ 20 ಮಿಲಿಸೆಕೆಂಡ್ ಇದ್ದದ್ದು ಕೆಲವು ನೂರಕ್ಕೆ ಜಿಗಿದರೆ ನಿಮ್ಮ ಮೋಡೆಮ್ ಅಥವಾ ರೌಟರಿನಲ್ಲಿ ಪ್ಯಾಕೆಟ್‌ಗಳು ಉದ್ದನೆಯ ಸಾಲಿನಲ್ಲಿ ನಿಂತಿವೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಮಾತು ಹಿತವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ದಾಟಬಾರದೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಅಮೆರಿಕದಿಂದ ಭಾರತಕ್ಕೆ ದೂರವೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಮನೆಯೊಳಗೆ ಇನ್ನಷ್ಟು ಕಳೆದರೆ "ಹಲೋ, ಕೇಳಿಸ್ತಾ ಇದೆಯಾ?" ಶುರುವಾಗುತ್ತದೆ.

ಇದಕ್ಕೆ ಮದ್ದು 2012ರಲ್ಲೇ ಸಿಕ್ಕಿದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ರೂಪಿಸಿದ 'ಕೋಡೆಲ್' ವಿಧಾನ ಸಾಲನ್ನು ಚಿಕ್ಕದಾಗಿ ಇಡುತ್ತದೆ. ನಿಮ್ಮ ರೌಟರಿನಲ್ಲಿ 'ಎಸ್‌ಕ್ಯೂಎಂ', 'ಎಫ್‌ಕ್ಯೂ ಕೋಡೆಲ್' ಅಥವಾ 'ಕೇಕ್' ಎಂಬ ಆಯ್ಕೆ ಇದ್ದರೆ ಆನ್ ಮಾಡಿ, ಅಳೆದ ವೇಗದ ಶೇ. 85ರಿಂದ 90ರಷ್ಟನ್ನು ಅಲ್ಲಿ ಕೊಡಿ. ಆದರೆ ರೌಟರ್ ಹಳೆಯದಾಗಿದ್ದು ಪ್ಲಾನ್ ಬಹಳ ವೇಗದ್ದಾಗಿದ್ದರೆ ಇದೇ ಸೆಟ್ಟಿಂಗ್ ಅದರ ಪ್ರೊಸೆಸರಿಗೆ ಭಾರವಾಗಿ ಡೌನ್‌ಲೋಡ್ ಇಳಿಯಬಹುದು. ಹಾಕಿದ ಮೇಲೆ ಅಳೆಯಿರಿ, ಇಳಿದಿದ್ದರೆ ತೆಗೆಯಿರಿ.

8. ಮನೆಗೆ ಒಬ್ಬನೇ ಯಜಮಾನ ಇರಲಿ

ಎರಡು ಪೋರ್ಟುಗಳಿರುವ ಹಲವು ಅಡಾಪ್ಟರುಗಳು ತಾವೇ ರೌಟರುಗಳು. ಕಂಪನಿ ಕೊಟ್ಟ ಮೋಡೆಮ್ ಕೂಡ ಹಲವು ಸಲ ರೌಟರೇ. ನೀವು ಕೊಂಡದ್ದು ಇನ್ನೊಂದು. ಹೀಗೆ ವಿಳಾಸ ಬದಲಿಸುವ ಕೆಲಸ ಎರಡು ಮೂರು ಸಲ ನಡೆದರೆ ಗೇಮ್, ಆಫೀಸಿನ ವಿಪಿಎನ್, ವಿಡಿಯೊ ಕರೆಗಳು ತೊಡಕುತ್ತವೆ.

ಪತ್ತೆ ಹಚ್ಚುವುದು ಸುಲಭ. ರೌಟರಿನ ಸೆಟ್ಟಿಂಗ್ ಪುಟದಲ್ಲಿ ಇಂಟರ್‌ನೆಟ್ ಐಪಿ ವಿಳಾಸ ನೋಡಿ. ಅದು 192.168 ಅಥವಾ 10ರಿಂದ ಶುರುವಾದರೆ ಬಹುತೇಕ ಅದರ ಮುಂದೆ ಇನ್ನೊಂದು ರೌಟರ್ ಇದೆ. ಒಂದನ್ನು ರೌಟರಾಗಿ ಉಳಿಸಿ, ಉಳಿದದ್ದನ್ನು 'ಬ್ರಿಡ್ಜ್' ಸ್ಥಿತಿಗೆ ಹಾಕಿ. ಕಂಪನಿಯ ಮೋಡೆಮ್ ಆದರೆ ಅವರ ಸಹಾಯವಾಣಿಯವರೇ ಮಾಡಿಕೊಡಬಲ್ಲರು.

9. ಜಾಗ ಬದಲಿಸಿದ ಮೇಲೆ ದನಿ ಒಂದೇ ಕಡೆ ಕೇಳಿಸಿದರೆ

ನೀವು ಹೇಳಿದ್ದು ಊರಿಗೆ ಕೇಳುತ್ತದೆ, ಅಲ್ಲಿನ ಮಾತು ನಿಮಗೆ ಕೇಳುವುದಿಲ್ಲ. ಅಥವಾ ಕರೆ ಅರ್ಧದಲ್ಲಿ ಕಡಿಯುತ್ತದೆ. ಅಡಾಪ್ಟರನ್ನು ಮತ್ತೆ ಮುಂದಕ್ಕೆ ಹಾಕುವ ಆತುರ ಬೇಡ. ರೌಟರಿನಲ್ಲಿ 'ಸಿಪ್ ಎಎಲ್‌ಜಿ' ಎಂಬ ಆಯ್ಕೆ ಹುಡುಕಿ ಆಫ್ ಮಾಡಿ. ಇಂಟರ್‌ನೆಟ್ ಕರೆಗಳಿಗೆ ನೆರವಾಗಲೆಂದು ಇಟ್ಟ ಈ ಸೌಲಭ್ಯ ಹಲವು ರೌಟರುಗಳಲ್ಲಿ ಕರೆಯ ವಿಳಾಸಗಳನ್ನು ತಪ್ಪಾಗಿ ತಿದ್ದಿ ಕೆಲಸ ಕೆಡಿಸುತ್ತದೆ. ಆಮೇಲೆ ರೌಟರ್, ಅಡಾಪ್ಟರ್ ಎರಡನ್ನೂ ರೀಸ್ಟಾರ್ಟ್ ಮಾಡಿ.

10. ಕೇಬಲ್, ವೈಫೈ ಎರಡನ್ನೂ ಪರೀಕ್ಷಿಸಿ

ನೆಟ್‌ವರ್ಕ್ ಕೇಬಲಿನೊಳಗೆ ಎಂಟು ತಂತಿಗಳಿವೆ. 100 ಎಂಬಿಪಿಎಸ್‌ಗೆ ನಾಲ್ಕು ಸಾಕು, ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಒಂದು ತಂತಿ ಮುರಿದರೆ ಸಂಪರ್ಕ ಪೂರ್ತಿ ನಿಲ್ಲದೆ, ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ಕೇಬಲಿನ ಮೈಮೇಲೆ 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಎಂದು ಅಚ್ಚಾಗಿದೆಯೇ ನೋಡಿ. ಕ್ಲಿಪ್ ಮುರಿದು ಸಡಿಲವಾದದ್ದನ್ನು ಎಸೆಯಿರಿ.

ಅಡಾಪ್ಟರಿಗೆ ಸಿಕ್ಕಿಸಿರುವ ಕಾರ್ಡ್‌ಲೆಸ್ ಫೋನನ್ನೂ ಗಮನಿಸಿ. ಹಳೆಯ 2.4 ಗಿಗಾಹರ್ಟ್ಸ್ ಕಾರ್ಡ್‌ಲೆಸ್ ಫೋನುಗಳು ವೈಫೈ ಬಳಸುವ ಅಲೆಗಳಲ್ಲೇ ಮಾತಾಡುತ್ತವೆ. ಕರೆ ಬಂದಾಗ ವೈಫೈ ಕುಸಿಯುವುದಕ್ಕೆ ಅಡಾಪ್ಟರಲ್ಲ, ಆ ಫೋನೇ ಕಾರಣವಿರಬಹುದು. ಅಮೆರಿಕದಲ್ಲಿ 'ಡೆಕ್ಟ್ 6.0' ಎಂದು ಬರೆದಿರುವ ಫೋನುಗಳು 1.9 ಗಿಗಾಹರ್ಟ್ಸ್ ಬಳಸುವುದರಿಂದ ಈ ತಕರಾರಿಲ್ಲ. ಲ್ಯಾಪ್‌ಟಾಪ್, ಟಿವಿಗಳನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿ. 2.4ರಲ್ಲೇ ಇರಬೇಕಾದವಕ್ಕೆ 1, 6, 11 ಈ ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿ.

11. ತುರ್ತು ಕರೆಯನ್ನು ಮರೆಯಬೇಡಿ

ಅಪ್ಪ ಅಮ್ಮ ಊರಿನಿಂದ ಬಂದು ತಿಂಗಳುಗಟ್ಟಲೆ ಇರುವ ಮನೆಗಳಲ್ಲಿ ಅವರ ಕೈಗೆ ಸುಲಭವಾಗಿ ಸಿಗುವುದು ಇದೇ ಫೋನು. ಹಾಗಾಗಿ ವೇಗ ಸರಿಪಡಿಸುವ ಭರದಲ್ಲಿ ಸುರಕ್ಷೆ ತಪ್ಪಬಾರದು. ಇಂಟರ್‌ನೆಟ್ ಫೋನ್ ಕಂಪನಿಗಳು 911 ತುರ್ತು ಸೇವೆ ಒದಗಿಸಲೇಬೇಕೆಂದು ಎಫ್‌ಸಿಸಿ 2005ರಲ್ಲಿ ಆದೇಶಿಸಿದೆ. ಆದರೆ ಆಂಬುಲೆನ್ಸ್ ಬರುವುದು ನೀವು ಕಂಪನಿಯಲ್ಲಿ ನೋಂದಾಯಿಸಿದ ವಿಳಾಸಕ್ಕೆ. ಮನೆ ಬದಲಿಸಿ ಪೆಟ್ಟಿಗೆ ಜೊತೆಗೆ ಒಯ್ದಿದ್ದರೆ ವಿಳಾಸವನ್ನು ಇಂದೇ ತಿದ್ದಿ. ಕರೆಂಟ್ ಹೋದರೆ ಅಡಾಪ್ಟರೂ ಹೋಗುತ್ತದೆ. ಮೋಡೆಮ್, ರೌಟರ್, ಅಡಾಪ್ಟರ್ ಮೂರಕ್ಕೂ ಸೇರಿ ಒಂದು ಸಣ್ಣ ಯುಪಿಎಸ್ ಇಡಿ. ಚಾರ್ಜ್ ಇರುವ ಮೊಬೈಲೊಂದನ್ನು ಹಿರಿಯರ ಕೈಗೆಟಕುವಂತೆ ಇಡಿ.

12. ಹಳೆಯದಕ್ಕೆ ನಿವೃತ್ತಿ ಕೊಡಿ, ಊರಿನ ಮನೆಯನ್ನೂ ನೋಡಿ

ಇಷ್ಟೆಲ್ಲ ಮಾಡಿದರೂ ಅಡಾಪ್ಟರ್ ತೊಂದರೆ ಕೊಟ್ಟರೆ, ಅಥವಾ ಅದರ ಕಂಪನಿ ಫರ್ಮ್‌ವೇರ್ ಅಪ್‌ಡೇಟ್ ನಿಲ್ಲಿಸಿದ್ದರೆ, ಬದಲಿಸುವುದೇ ಸರಿ. ಕೊಳ್ಳುವ ಮೊದಲು ಅದು ನಿಮ್ಮ ಫೋನ್ ಸೇವೆಗೆ ಹೊಂದುತ್ತದೆಯೇ ಎಂದು ಕೇಳಿ. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801ರಂತಹ ಅಡಾಪ್ಟರಿನಲ್ಲಿ ಒಂದೇ ನೆಟ್‌ವರ್ಕ್ ಪೋರ್ಟ್ ಇದೆ. ಅದು ರೌಟರಿನ ಹಿಂದೆ ಮಾತ್ರ ಕೂರಬಲ್ಲದು, ದಾರಿಗೆ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ಎರಡು ಪೋರ್ಟಿನದು ಬೇಕೇ ಬೇಕಾದರೆ ಎರಡೂ ಗಿಗಾಬಿಟ್ ಆಗಿರಲಿ.

ಕರ್ನಾಟಕದ ಫೈಬರ್ ಮನೆಗಳಲ್ಲಿ ಪ್ರತ್ಯೇಕ ಅಡಾಪ್ಟರ್ ಕಾಣುವುದು ಅಪರೂಪ. ಬಿಎಸ್‌ಎನ್‌ಎಲ್, ಜಿಯೊ, ಏರ್‌ಟೆಲ್ ಫೈಬರ್‌ಗಳಲ್ಲಿ ಫೈಬರ್ ಬಂದು ಸೇರುವ ಗೋಡೆಯ ಒಎನ್‌ಟಿ ಪೆಟ್ಟಿಗೆಯಲ್ಲೇ 'ಫೋನ್', 'ಟೆಲ್' ಅಥವಾ 'ಪಾಟ್ಸ್' ಎಂಬ ಸಣ್ಣ ಪೋರ್ಟ್ ಇರುತ್ತದೆ. ಲ್ಯಾಂಡ್‌ಲೈನನ್ನು ಅಲ್ಲಿಗೇ ಸಿಕ್ಕಿಸಬೇಕು. ಆದರೆ ಅಲ್ಲಿಯೂ ಒಂದು ಬಲೆ ಇದೆ: ಕೆಲವು ಒಎನ್‌ಟಿಗಳಲ್ಲಿ ಒಂದು ಲ್ಯಾನ್ ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100 ಎಂಬಿಪಿಎಸ್. ನಿಮ್ಮ ಸ್ವಂತ ರೌಟರನ್ನು ನಿಧಾನದ ಪೋರ್ಟಿಗೆ ಸಿಕ್ಕಿಸಿದ್ದರೆ 300ರ ಪ್ಲಾನಿಗೆ ಹಣ ಕಟ್ಟಿ 94ಕ್ಕೆ ತೃಪ್ತರಾಗಬೇಕಾಗುತ್ತದೆ. 'ಜಿಇ' ಎಂದು ಬರೆದ ಪೋರ್ಟಿಗೆ ಬದಲಿಸಿ. ರಜೆಗೆ ಊರಿಗೆ ಹೋದಾಗ ಅಪ್ಪ ಅಮ್ಮನ ಮನೆಯಲ್ಲೂ ಇದೊಂದನ್ನು ನೋಡಿಬನ್ನಿ.

ಕೊನೆಯ ಮಾತು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಅಳೆಯಿರಿ, ಬರೆದಿಡಿ. ಮೋಡೆಮ್‌ನಲ್ಲೇ ವೇಗ ಕಡಿಮೆಯಿದ್ದರೆ ತಪ್ಪು ನಿಮ್ಮ ಮನೆಯದಲ್ಲ. ಆಗ ಕೈಯಲ್ಲಿರುವ ಅಳತೆಯ ಕಾಗದ ಹಿಡಿದು ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ. "ಒಂದು ಸಲ ಆಫ್ ಮಾಡಿ ಆನ್ ಮಾಡಿ ಸಾರ್" ಎಂಬ ಉತ್ತರಕ್ಕೆ ಸುಮ್ಮನಾಗದೆ ದಿನಾಂಕ, ಸಮಯ, ಅಂಕಿ ಓದಿ ಹೇಳಿ. ಅಂಕಿ ಇಟ್ಟುಕೊಂಡು ಮಾತಾಡುವ ಗ್ರಾಹಕನನ್ನು ಸಾಗಹಾಕುವುದು ಕಷ್ಟ.

ದುಬಾರಿ ಪ್ಲಾನಿಗೆ ಒಪ್ಪುವ ಮೊದಲು, ಹೊಸ ರೌಟರಿಗೆ ಆರ್ಡರ್ ಹಾಕುವ ಮೊದಲು, ಈ ವಾರಾಂತ್ಯದಲ್ಲಿ ಸ್ವಲ್ಪ ಬಿಡುವು ಮಾಡಿಕೊಂಡು ಒಂದು ಕೇಬಲ್ ಹಿಡಿದು ಕೂರಿ. ನೀವು ಹಣ ಕೊಟ್ಟು ಕೊಂಡ ವೇಗ ನಿಮ್ಮದು. ಅದನ್ನು ಪೂರ್ತಿಯಾಗಿ ಪಡೆಯಿರಿ.